ರಕ್ತದ ಬದಲು ಜೊಲ್ಲು: ರಾತ್ರಿ ಹನ್ನೊಂದರ ಕಾರ್ಟಿಸಾಲ್

ರಕ್ತದ ಬದಲು ಜೊಲ್ಲಿನಲ್ಲಿ ಮಾಡುವ ಪರೀಕ್ಷೆಗಳ ಪಾಠ ಇದು. ಪುಸ್ತಕದಲ್ಲಿ ಜೊಲ್ಲಿಗೆ ಲಾಲಾರಸ ಅಂತ ಇರುತ್ತದೆ. ರೋಗಿಯ ಹತ್ತಿರ ಹೋಗಿ ಲಾಲಾರಸ ಕೊಡಿ ಅಂದರೆ ಮುಖ ನೋಡುತ್ತಾರೆ. ಉಗುಳಿ ಅಂದರೆ ಕ್ಯಾಕರಿಸಿ ಕಫ ತೆಗೆದು ಕೊಡುತ್ತಾರೆ, ಅದು ನಮಗೆ ಬೇಡ. ನಮಗೆ ಬೇಕಾಗಿರುವುದು ಜೊಲ್ಲು. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಬಾಯಲ್ಲಿ ತಾನಾಗಿ ತುಂಬಿಕೊಂಡದ್ದನ್ನು ಮಗು ಜೊಲ್ಲು ಸುರಿಸಿದ ಹಾಗೆ ಟ್ಯೂಬಿಗೆ ಇಳಿಬಿಡಬೇಕು. ನಾನು ಮನೆಯಲ್ಲಿ ಮಾಡಿ ನೋಡಿದೆ. ಟ್ಯೂಬು ತುಂಬಿತು ಅಂತ ಖುಷಿಪಟ್ಟರೆ ಮುಕ್ಕಾಲು ಪಾಲು ನೊರೆ, ಅದು ಇಳಿದ ಮೇಲೆ ತಳದಲ್ಲಿ ಉಳಿದದ್ದು ಒಂದಿಷ್ಟೇ. ಅಳತೆಯನ್ನು ನೊರೆ ಬಿಟ್ಟು ನೋಡಬೇಕು, ಮರೀಬೇಡಿ.

ದಿನಕ್ಕೆ ಸುಮಾರು 0.5ರಿಂದ 1.5 ಲೀಟರ್ ಜೊಲ್ಲು ಬರುತ್ತದೆ. ಅದರಲ್ಲಿ 99% ನೀರೇ. ಜೊಲ್ಲಿನ ಗ್ರಂಥಿಗಳ ಸುತ್ತ ಸಣ್ಣ ಸಣ್ಣ ರಕ್ತನಾಳಗಳ ಬಲೆ ಇದೆ, ಅಲ್ಲಿಂದ ಕೆಲವು ವಸ್ತುಗಳು ದಾಟಿ ಜೊಲ್ಲಿಗೆ ಬರುತ್ತವೆ. ಎಲ್ಲವೂ ಅಲ್ಲ, ಕೆಲವು. ಈ ಪಾಠದ ಜೀವ ಇರುವುದೇ ಇಲ್ಲಿ. ಜೊಲ್ಲು ಅಂದರೆ ತೆಳು ಮಾಡಿದ ರಕ್ತ ಅಂತ ಓದಿಕೊಂಡರೆ ಮುಂದೆ ಎಲ್ಲಾ ತಪ್ಪುತ್ತದೆ.

ಕಾರ್ಟಿಸಾಲ್ ತೆಗೆದುಕೊಳ್ಳೋಣ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಬರುವ ಹಾರ್ಮೋನು ಇದು. ರಕ್ತದಲ್ಲಿ ಇರುವ ಕಾರ್ಟಿಸಾಲ್‌ನಲ್ಲಿ 90%ಕ್ಕಿಂತ ಜಾಸ್ತಿ ಪ್ರೋಟೀನುಗಳಿಗೆ, ಅದರಲ್ಲೂ ಸಿಬಿಜಿ ಅನ್ನುವ ಪ್ರೋಟೀನಿಗೆ, ಅಂಟಿಕೊಂಡಿರುತ್ತದೆ. ಅಂಟಿಕೊಂಡದ್ದು ಕೆಲಸ ಮಾಡುವುದಿಲ್ಲ. ಬಿಡಿಯಾಗಿ ಓಡಾಡುವ ಸ್ವಲ್ಪ ಭಾಗವೇ ಜೀವಕೋಶದ ಒಳಗೆ ಹೋಗಿ ಕೆಲಸ ಮಾಡುವುದು. ಆ ಬಿಡಿ ಕಾರ್ಟಿಸಾಲ್ ಕೊಬ್ಬಿನಲ್ಲಿ ಕರಗುತ್ತದೆ, ಹಾಗಾಗಿ ಗ್ರಂಥಿಯ ಕೋಶಗಳನ್ನು ಸಲೀಸಾಗಿ ದಾಟಿ ಜೊಲ್ಲಿಗೆ ಬರುತ್ತದೆ, ಜೊಲ್ಲು ಜಾಸ್ತಿ ಬರಲಿ ಕಡಿಮೆ ಬರಲಿ ಅದರ ಸಾಂದ್ರತೆ ಅಷ್ಟೇನೂ ಬದಲಾಗುವುದಿಲ್ಲ. ಒಬ್ಬ ಹೆಂಗಸು ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದಾರೆ ಅಂದುಕೊಳ್ಳಿ. ಮಾತ್ರೆಯ ಈಸ್ಟ್ರೋಜನ್‌ನಿಂದ ಸಿಬಿಜಿ ಏರುತ್ತದೆ, ಅದರ ಜೊತೆ ರಕ್ತದ ಒಟ್ಟು ಕಾರ್ಟಿಸಾಲ್ ಕೂಡ ಏರಿದ ಹಾಗೆ ಕಾಣುತ್ತದೆ, ಆದರೆ ಅವರಿಗೆ ಯಾವ ರೋಗವೂ ಇಲ್ಲ. ಇಂಥ ಕಡೆ ಜೊಲ್ಲೇ ಹೆಚ್ಚು ಸರಿಯಾದ ಮಾತು ಹೇಳುತ್ತದೆ. ಸೂಜಿಯ ನೋವು ತಪ್ಪುವುದು ದೊಡ್ಡದೇ, ಆದರೆ ಅದೊಂದೇ ಕಾರಣ ಬರೆದು ಉತ್ತರ ಮುಗಿಸಬೇಡಿ.

ಕುಶಿಂಗ್ ಸಿಂಡ್ರೋಮ್‌ನಲ್ಲಿ ಇದರ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ದೇಹದಲ್ಲಿ ಕಾರ್ಟಿಸಾಲ್ ಬಹಳ ದಿನ ಅತಿಯಾಗಿ ಇದ್ದಾಗ ಬರುವ ಕಾಯಿಲೆ ಅದು. ಮುಖ ದುಂಡಗಾಗುವುದು, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆಗಳು, ಸುಮ್ನೆ ತಾಗಿದರೂ ಚರ್ಮ ಕಂದುವುದು, ಇವೆಲ್ಲ ನಿಮಗೆ ಗೊತ್ತು. ಆರೋಗ್ಯವಂತರಲ್ಲಿ ಕಾರ್ಟಿಸಾಲ್ ಬೆಳಗ್ಗೆ ಏರಿ ನಡುರಾತ್ರಿಯ ಹೊತ್ತಿಗೆ ತೀರಾ ಕೆಳಗಿಳಿಯುತ್ತದೆ. ಕುಶಿಂಗ್ ಇದ್ದವರಲ್ಲಿ ಆ ರಾತ್ರಿಯ ಇಳಿತ ಇರುವುದಿಲ್ಲ. ಹಾಗಾಗಿ ವ್ಯತ್ಯಾಸ ಎದ್ದು ಕಾಣುವುದು ರಾತ್ರಿಯೇ. ಆದರೆ ರಾತ್ರಿ ರಕ್ತ ತೆಗೆಯಲು ರೋಗಿಯನ್ನು ಆಸ್ಪತ್ರೆಗೆ ಸೇರಿಸಬೇಕು. ಹೊಸ ಜಾಗ, ನಿದ್ದೆ ಇಲ್ಲ, ಮೇಲೆ ಸೂಜಿಯ ಭಯ, ಇಷ್ಟಕ್ಕೇ ಕಾರ್ಟಿಸಾಲ್ ಏರಬಹುದು ಅಲ್ವಾ? ಅದೇ ರೋಗಿ ಮನೆಯಲ್ಲಿ ತನ್ನ ಹಾಸಿಗೆಯ ಮೇಲೆ ಕೂತು, ರಾತ್ರಿ 11ರಿಂದ 12ರ ನಡುವೆ ಜೊಲ್ಲು ಹಿಡಿದು, ಬೆಳಗ್ಗೆ ಲ್ಯಾಬಿಗೆ ತಂದು ಕೊಡಬಹುದು. ಹಾರ್ಮೋನು ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿ 2008ರ ಮಾರ್ಗಸೂಚಿಯಲ್ಲೇ ಇದನ್ನು ಮೊದಲ ಹಂತದ ಪರೀಕ್ಷೆಗಳಲ್ಲಿ ಸೇರಿಸಿತು, ಕನಿಷ್ಠ ಎರಡು ಬಾರಿ ಮಾಡಬೇಕು ಅಂತಲೂ ಹೇಳಿತು. ಅಲ್ಲಿ ಕೊಟ್ಟ ಮೇಲ್ಮಿತಿ ಲೀಟರಿಗೆ 4 ನ್ಯಾನೋಮೋಲ್. ಬೆಳಗಿನ ರಕ್ತದ ಕಾರ್ಟಿಸಾಲ್ ಅದೇ ಅಳತೆಯಲ್ಲಿ ನೂರರ ಲೆಕ್ಕದಲ್ಲಿ ಇರುತ್ತದೆ, ಆದ್ದರಿಂದ ರಕ್ತದ ಕಿಟ್ಟನ್ನೇ ಜೊಲ್ಲಿಗೆ ಬಳಸಿದರೆ ನಡೆಯುವುದಿಲ್ಲ.

ಎಡವುವ ಜಾಗ ಮನೆಯಲ್ಲೇ ಇದೆ. ಜೊಲ್ಲಿನ ಗ್ರಂಥಿಯಲ್ಲಿ ಒಂದು ಕಿಣ್ವ ಕಾರ್ಟಿಸಾಲನ್ನು ಕಾರ್ಟಿಸೋನ್ ಆಗಿ ಬದಲಿಸುತ್ತಿರುತ್ತದೆ. ಕೆಮ್ಮಿಗೆ ಅಂತ ನಾವು ಅಗಿಯುವ ಜ್ಯೇಷ್ಠಮಧುವಿನ ಕಡ್ಡಿ ಈ ಕಿಣ್ವವನ್ನು ತಡೆಯುತ್ತದೆ, ಕಾರ್ಟಿಸಾಲ್ ಬದಲಾಗದೆ ಉಳಿದು ಫಲಿತಾಂಶ ಸುಳ್ಳಾಗಿ ಏರುತ್ತದೆ. ಹೊಗೆಸೊಪ್ಪಿನದ್ದೂ ಇದೇ ಕಥೆ. ಕೈಗೆ ಸ್ಟೀರಾಯ್ಡ್ ಮುಲಾಮು ಹಚ್ಚಿಕೊಂಡು ಅದೇ ಕೈಯಲ್ಲಿ, ಜೊಲ್ಲು ಹೀರಲು ಕೆಲವರು ಬಾಯಲ್ಲಿಡುವ ಹತ್ತಿ ಸುರುಳಿಯನ್ನು ಮುಟ್ಟಿದರಂತೂ ಕೇಳುವುದೇ ಬೇಡ. ಹಲ್ಲುಜ್ಜಿ ವಸಡಿನಲ್ಲಿ ರಕ್ತ ಬಂದಿದ್ದರೆ ಆ ಮಾದರಿ ಬೇಡ. ಊಟವಾಗಿ ಅರ್ಧ ಗಂಟೆಯಾದರೂ ಕಳೆದಿರಬೇಕು.

ಹಾಗಾದರೆ ಸಕ್ಕರೆ ಕಾಯಿಲೆಗೂ ಜೊಲ್ಲು ಸಾಕಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಸಾಲದು. ಗ್ಲೂಕೋಸ್ ಜೊಲ್ಲಿನಲ್ಲಿ ತೀರಾ ಕಡಿಮೆ, ಬಾಯಲ್ಲಿ ಉಳಿದ ಅನ್ನದ ಅಗುಳಿನಿಂದಲೂ ಸಕ್ಕರೆ ಬರುತ್ತದೆ, ಇರುವುದನ್ನು ಬ್ಯಾಕ್ಟೀರಿಯಾ ತಿನ್ನುತ್ತವೆ. ಬೆರಳು ಚುಚ್ಚುವುದು ಸದ್ಯಕ್ಕೆ ತಪ್ಪಿದ್ದಲ್ಲ.

ಇನ್ನೊಂದು ಗೊಂದಲ ಎಚ್‌ಐವಿಯದು. 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮನೆಯಲ್ಲೇ ಮಾಡಿಕೊಳ್ಳುವ ಓರಾಕ್ವಿಕ್ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಅದರ ಕಡ್ಡಿಯನ್ನು ವಸಡಿನ ಉದ್ದಕ್ಕೂ ಸವರುತ್ತಾರೆ. ಅದು ಹುಡುಕುವುದು ವೈರಸ್ಸನ್ನಲ್ಲ, ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು, ಅವು ಸಿಗುವುದೂ ಹೆಚ್ಚಾಗಿ ವಸಡಿನಿಂದ ಜಿನುಗುವ ದ್ರವದಲ್ಲಿ. ಎಂಜಲಿನಿಂದ ಎಚ್‌ಐವಿ ಹರಡುತ್ತದೆ ಅಂತ ಇದರಿಂದ ಯಾರೂ ತಿಳಿಯಬಾರದು.

ಮತ್ತೆ ಕಾರ್ಟಿಸಾಲ್‌ಗೆ ಬಂದರೆ, ಟ್ಯೂಬಿನ ಚೀಟಿ ಮೇಲೆ ಹೆಸರಿನ ಜೊತೆ ಗಂಟೆಯನ್ನೂ ಬರೆಸಿ, ರಾತ್ರಿ ಪಾಳಿ ಕೆಲಸವಾ ಅಂತಲೂ ಕೇಳಿ. ಬೆಂಗಳೂರಿನ ಕಾಲ್ ಸೆಂಟರಿನಲ್ಲಿ ರಾತ್ರಿಯೆಲ್ಲ ದುಡಿದು ಹಗಲು ಮಲಗುವವರ ಕಾರ್ಟಿಸಾಲ್ ಏರಿಳಿತವೇ ಬೇರೆ ಇರುತ್ತದೆ, ಅವರಿಗೆ ಹನ್ನೊಂದರ ಜೊಲ್ಲು ಹೊಂದುವುದಿಲ್ಲ.