ಹತ್ತು ಸಾವಿರಕ್ಕೆ ಹೊಸ ಫೋನಾ, ಹಳೇ ದೊಡ್ಡ ಫೋನಾ?

ಓದುಗರ ಪ್ರಶ್ನೆ: ರಾಯಚೂರಿನಲ್ಲಿ ಡಿಗ್ರಿ ಓದುತ್ತಿದ್ದೇನೆ. ಕೈಯಲ್ಲಿ ಹತ್ತು ಸಾವಿರ ಇದೆ. ಅಷ್ಟಕ್ಕೆ ಹೊಸ ಸಾದಾ ಫೋನ್ ಬರುತ್ತದೆ. ಇಲ್ಲವೇ ನಾಲ್ಕೈದು ವರ್ಷದ ಹಿಂದೆ ನಲವತ್ತು ಸಾವಿರ ಇದ್ದ ಫೋನ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದೆ. ಯಾವುದು ತಗೊಳ್ಳಲಿ? ಹಳೇದಾದರೆ ಏನೇನು ನೋಡಬೇಕು?

ಉತ್ತರ: ನಿಮ್ಮ ವಿಷಯದಲ್ಲಿ ಹಳೇದೇ ಸರಿ. ಆದರೆ ಇದ್ದ ಹತ್ತೂ ಸಾವಿರವನ್ನು ಫೋನಿಗೇ ಸುರಿಯಬೇಡಿ. ಎಂಟರೊಳಗೆ ಮುಗಿಸಿ, ಎರಡು ಸಾವಿರ ಹೊಸ ಬ್ಯಾಟರಿಗೆ ಎತ್ತಿಡಿ. ಹಳೇ ಫೋನ್ ಕೊಳ್ಳುವವರು ಕ್ಯಾಮೆರಾ ನೋಡುತ್ತಾರೆ, ರ‍್ಯಾಮ್ ಎಷ್ಟು ಅಂತ ಕೇಳುತ್ತಾರೆ. ಅದು ನಮ್ಮ ಕಡೆ ಎಷ್ಟು ಬೇಸಿಗೆ ಕಂಡಿದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಮೊದಲು ಕೇಳಬೇಕಾದ್ದು ಅದನ್ನೇ.

ನಾನು ಬಳಸುತ್ತಿರುವುದು 2020ರಲ್ಲಿ ಬಂದ ಫೋನ್. ಹೊಸದಿದ್ದಾಗ ಅದರ ರೇಟು ಕೇಳಿ ಸುಮ್ಮನಾಗಿದ್ದೆ. ಕಂಪನಿ ಹೆಸರು ಬೇಡ ಬಿಡಿ, ಆ ಕಾಲದ ಯಾವ ದುಬಾರಿ ಫೋನ್ ಹಿಡಿದರೂ ಅನುಭವ ಹೆಚ್ಚುಕಮ್ಮಿ ಇದೇ ಇರುತ್ತದೆ. ಮೊದಲು ಖುಷಿ ಕೊಡುವುದು ಸ್ಕ್ರೀನ್. ಅಮೊಲೆಡ್ ಪರದೆಯಲ್ಲಿ ಕಪ್ಪು ಅಂದರೆ ಕಪ್ಪೇ, ಬೂದು ಅಲ್ಲ. ಇವತ್ತು ಹತ್ತು ಸಾವಿರಕ್ಕೆ ಬರುವ ಹೊಸ ಫೋನುಗಳಲ್ಲಿ ಬಹುಪಾಲು ಎಲ್‌ಸಿಡಿ ಪರದೆಯವೇ. ಆಮೇಲೆ ಕ್ಯಾಮೆರಾ. ಸಂಜೆ ಬೆಳಕು ಹೋದ ಮೇಲೆ ಮಾವಿನಕೆರೆ ದಂಡೆಯಲ್ಲಿ ನಿಂತು ಫೋಟೋ ತೆಗೆದರೆ ವ್ಯತ್ಯಾಸ ಕಾಣುತ್ತದೆ. ದೊಡ್ಡ, ಅಂದರೆ ದುಬಾರಿ ಫೋನುಗಳಲ್ಲಿ ಕೈ ನಡುಗಿದರೆ ಅದಕ್ಕೆ ಸರಿಯಾಗಿ ಲೆನ್ಸೇ ಒಳಗೆ ಅಲುಗಾಡಿ ಸರಿದೂಗಿಸುತ್ತದೆ. ಸಾದಾ ಫೋನಿನಲ್ಲಿ ಆ ಯಂತ್ರ ಇರುವುದಿಲ್ಲ. 50 ಮೆಗಾಪಿಕ್ಸೆಲ್ ಅಂತ ಡಬ್ಬಿ ಮೇಲೆ ಬರೆದಿದ್ದರೂ ಕತ್ತಲಲ್ಲಿ ಫೋಟೋ ಕಲಸಿಕೊಳ್ಳುವುದು ಅದಕ್ಕೇ.

ಇನ್ನೊಂದು ವಿಷಯ ಅಂಗಡಿಯವರು ಹೇಳುವುದೇ ಇಲ್ಲ. ಎಷ್ಟೋ ಅಗ್ಗದ ಫೋನುಗಳಲ್ಲಿ ಸ್ಟೋರೇಜ್‌ಗೆ ಇಎಂಎಂಸಿ ಅನ್ನುವ ನಿಧಾನದ ಚಿಪ್ ಹಾಕಿರುತ್ತಾರೆ. ದುಬಾರಿ ಫೋನುಗಳಲ್ಲಿ ಅದಕ್ಕಿಂತ ವೇಗದ ಯುಎಫ್‌ಎಸ್ ಇರುತ್ತದೆ. ಆ್ಯಪ್ ಒತ್ತಿದ ಕೂಡಲೇ ತೆರೆಯುವುದು, ವಾಟ್ಸ್ಆ್ಯಪ್‌ನಲ್ಲಿ ನೂರು ಫೋಟೋ ಬಂದು ಬಿದ್ದಾಗಲೂ ಫೋನ್ ತಡವರಿಸದೆ ಇರುವುದು, ಇದೆಲ್ಲ ಬಹಳಷ್ಟು ಈ ಚಿಪ್ಪಿನ ಕೆಲಸ. ಹಾಗಾಗಿ ಐದು ವರ್ಷದ ಹಳೇ ದೊಡ್ಡ ಫೋನು ಹೊಸ ಸಾದಾ ಫೋನಿಗಿಂತ ಚುರುಕಾಗಿ ಓಡಿದರೆ ಆಶ್ಚರ್ಯ ಪಡಬೇಕಿಲ್ಲ.

ಇಷ್ಟು ಹೊಗಳಿದ ಮೇಲೆ ತಕರಾರಿಗೆ ಬರೋಣ. ತಕರಾರೆಲ್ಲ ಒಂದೇ ಕಡೆಯಿಂದ: ಬ್ಯಾಟರಿ ಮತ್ತು ಬಿಸಿ.

ಆ್ಯಪಲ್ ಕಂಪನಿ ಐಫೋನ್ ಬಳಸಲು ಹೇಳುವ ಹೊರಗಿನ ಉಷ್ಣಾಂಶ 0ರಿಂದ 35 ಡಿಗ್ರಿ. ಆಫ್ ಮಾಡಿ ಇಡುವುದಾದರೂ 45 ದಾಟಬಾರದು ಅನ್ನುತ್ತದೆ. ಉಳಿದ ಕಂಪನಿಗಳ ಮಾತೂ ಸುಮಾರು ಹೀಗೇ. ಈಗ ನಮ್ಮ ಏಪ್ರಿಲ್, ಮೇ ನೆನಪಿಸಿಕೊಳ್ಳಿ. ನೆರಳಿನಲ್ಲೇ 40 ದಾಟುತ್ತದೆ. ಬೈಕಿನ ಟ್ಯಾಂಕ್ ಮೇಲಿನ ಪೌಚಿನಲ್ಲಿ, ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಎಷ್ಟಿರುತ್ತದೆ ಅಂತ ಹೇಳಬೇಕಾ? ಲಿಥಿಯಂ ಬ್ಯಾಟರಿಗೆ ಬಿಸಿಯಷ್ಟು ದೊಡ್ಡ ಶತ್ರು ಬೇರೆ ಇಲ್ಲ. ಒಳಗಿನ ರಾಸಾಯನಿಕಗಳು ಬಿಸಿಯಲ್ಲಿ ಬೇಗ ಕೆಡುತ್ತವೆ, ಒಮ್ಮೆ ಕೆಟ್ಟದ್ದು ತಂಪಾದ ಮೇಲೆ ಸರಿಹೋಗುವುದಿಲ್ಲ. ಅದೂ ಪೂರ್ತಿ ಚಾರ್ಜ್ ಆಗಿರುವಾಗ ಬಿಸಿ ತಾಗಿದರೆ ಇನ್ನೂ ಜಾಸ್ತಿ ಹಾಳು. ಸಾಮಾನ್ಯವಾಗಿ ಬ್ಯಾಟರಿಯನ್ನು ಪೂರ್ತಿ 500 ಸಲ ತುಂಬಿ ಖಾಲಿ ಮಾಡಿದರೆ ಅದರ ಶಕ್ತಿ ಶೇ. 80ರ ಹತ್ತಿರಕ್ಕೆ ಇಳಿಯುತ್ತದೆ ಅಂತ ಲೆಕ್ಕ. ದಿನಕ್ಕೊಂದು ಸಲ ಚಾರ್ಜ್ ಮಾಡಿದರೂ ಒಂದೂವರೆ ವರ್ಷದೊಳಗೇ ಮುಗಿಯಿತು. ನಮ್ಮ ಬಿಸಿಲಿನಲ್ಲಿ ಅಷ್ಟು ದಿನವೂ ಬೇಡ.

ಬೆಂಗಳೂರಿನಲ್ಲಿ ನಾಲ್ಕು ವರ್ಷ ಕಳೆದ ಫೋನಿಗೂ, ಇಲ್ಲಿ ಗಂಜ್‌ನಲ್ಲಿ ಹತ್ತಿ ವ್ಯಾಪಾರ ಮಾಡುವವರ ಅಂಗಿ ಜೇಬಿನಲ್ಲಿ ನಾಲ್ಕು ಬೇಸಿಗೆ ಕಳೆದ ಫೋನಿಗೂ ಮಾಡೆಲ್ ಒಂದೇ ಇರಬಹುದು, ಬ್ಯಾಟರಿಯ ವಯಸ್ಸು ಒಂದೇ ಅಲ್ಲ. ಮೊದಲ ಓನರ್ ಏನು ಕೆಲಸದವರು, ಆಫೀಸಿನ ಒಳಗಾ, ದಿನವಿಡೀ ಹೊರಗಾ ಅಂತ ಕೇಳುವುದರಲ್ಲಿ ನಾಚಿಕೆ ಬೇಡ.

ಹೊಸ ಬ್ಯಾಟರಿ ಹಾಕಿಸಿದ ಮೇಲೂ ಮೇ ತಿಂಗಳ ಮಧ್ಯಾಹ್ನ ಹಳೇ ದೊಡ್ಡ ಫೋನ್ ಸ್ವಲ್ಪ ಕಾಡುತ್ತದೆ. ಅದರ ಪ್ರೊಸೆಸರ್ ಶಕ್ತಿ ಜಾಸ್ತಿ, ಹಾಗೇ ಕಾವೂ ಜಾಸ್ತಿ. ಹೊರಗೆ ಬಿಸಿಲಿಗೆ ತೆಗೆದರೆ ಪರದೆ ತಾನಾಗಿಯೇ ಮಂಕಾಗುತ್ತದೆ. ವಿಡಿಯೋ ತೆಗೆಯುತ್ತಿದ್ದರೆ ಕ್ಯಾಮೆರಾ ಬಂದ್ ಆಗುತ್ತದೆ. ಚಾರ್ಜಿಗೆ ಹಾಕಿದರೆ ತಂಪಾಗುವವರೆಗೆ ಚಾರ್ಜ್ ಏರುವುದಿಲ್ಲ. ಇದು ಕೆಟ್ಟಿರುವುದಲ್ಲ, ಫೋನು ತನ್ನನ್ನು ತಾನು ಉಳಿಸಿಕೊಳ್ಳುವ ರೀತಿ. ಹಾಗಂತ ಫ್ರಿಜ್ಜಿನಲ್ಲಿ ಇಡಬೇಡಿ. ಇಡುವವರಿದ್ದಾರೆ! ಒಳಗೆ ತೇವ ಕಟ್ಟಿ ಬೋರ್ಡೇ ಹೋಗುತ್ತದೆ. ಕವರ್ ತೆಗೆದು ಫ್ಯಾನಿನ ಕೆಳಗೆ ಇಟ್ಟರೆ ಸಾಕು.

ಇನ್ನು ಕೊಳ್ಳುವ ಹೊತ್ತಿನ ಮಾತು. ನಮ್ಮೂರಿನಿಂದ ಹೈದರಾಬಾದ್ ಹತ್ತಿರ. ಅಬಿಡ್ಸ್‌ನ ಜಗದೀಶ್ ಮಾರ್ಕೆಟ್‌ಗೆ ಹೋದರೆ ಕಡಿಮೆಗೆ ಸಿಗುತ್ತದೆ ಅನ್ನುವ ಗೆಳೆಯ ಎಲ್ಲರಿಗೂ ಒಬ್ಬ ಇರುತ್ತಾನೆ. ಹೋಗಬಹುದು. ಆದರೆ ಎರಡು ದಿನಕ್ಕೆ ಮೈಕ್ ಕೈಕೊಟ್ಟರೆ ಮತ್ತೆ ರೈಲು ಹತ್ತಬೇಕು. ಐನೂರು ಜಾಸ್ತಿ ಹೋದರೂ ಊರಲ್ಲೇ, ದಿನಾ ಕಣ್ಣಿಗೆ ಬೀಳುವ ಅಂಗಡಿಯಲ್ಲಿ ತಗೊಳ್ಳುವುದು ನನಗೆ ವಾಸಿ ಅನಿಸುತ್ತದೆ. ಅದಕ್ಕಿಂತ ವಾಸಿ ಅಂದರೆ ಪರಿಚಯದವರು ಹೊಸ ಫೋನ್ ತಗೊಂಡು ಬಿಟ್ಟ ಹಳೇದು.

ಫೋನ್ ಕೈಗೆ ಬಂದ ಮೇಲೆ ಮೊದಲು ಕವರ್ ಬಿಚ್ಚಿ, ಗಾಜಿನ ಕೌಂಟರ್ ಮೇಲೆ ಮಲಗಿಸಿ ಬೆರಳಿಂದ ಮೆಲ್ಲಗೆ ತಿರುಗಿಸಿ. ಕ್ಯಾಮೆರಾ ಉಬ್ಬಿರುವ ಫೋನಾದರೆ ಪರದೆ ಕೆಳಗೆ ಮಾಡಿ. ಬುಗುರಿಯ ಹಾಗೆ ಸರಾಗವಾಗಿ ತಿರುಗಿದರೆ ಬ್ಯಾಟರಿ ಊದಿದೆ ಅಂತ ಅನುಮಾನಿಸಿ. ಅಂಚಿನಲ್ಲಿ ಉಗುರು ಆಡಿಸಿ, ಹಿಂದಿನ ಗಾಜು ಎಲ್ಲಾದರೂ ಮೇಲೆದ್ದಿದೆಯಾ ನೋಡಿ. ಆಮೇಲೆ ಚಾರ್ಜಿಂಗ್ ತೂತಿಗೆ ಟಾರ್ಚ್ ಹಿಡಿಯಿರಿ. ನಮ್ಮ ಕಡೆಯ ಫೋನುಗಳಲ್ಲಿ ಅಲ್ಲಿ ಹತ್ತಿಯ ಎಳೆ, ಜೇಬಿನ ಧೂಳು ಸೇರಿ ಗಟ್ಟಿ ಕಡ್ಡಿಯಾಗಿರುತ್ತದೆ. ಪಿನ್ ಪೂರ್ತಿ ಒಳಗೆ ಕೂರುವುದಿಲ್ಲ. ಅದನ್ನೇ ಎಷ್ಟೋ ಜನ ‘ಚಾರ್ಜಿಂಗ್ ಬೋರ್ಡ್ ಹೋಗಿದೆ’ ಅಂದುಕೊಂಡು ಅಗ್ಗಕ್ಕೆ ಮಾರುತ್ತಾರೆ. ಫೋನ್ ಆಫ್ ಮಾಡಿ, ಮರದ ಟೂತ್‌ಪಿಕ್‌ನಿಂದ ಕೆದಕಿದರೆ ಸರಿಹೋಗುವ ರೋಗ ಅದು. ನಿಮ್ಮ ಅದೃಷ್ಟ ಚೆನ್ನಾಗಿದ್ದರೆ ಅಂಥದ್ದೂ ಸಿಗುತ್ತದೆ.

ಸಿಮ್ ಟ್ರೇ ಎಳೆದು ಆ ಸಂದಿಯಲ್ಲೂ ಇಣುಕಿ ನೋಡಿ. ಬಹಳ ಫೋನುಗಳಲ್ಲಿ ಅಲ್ಲಿ ಒಂದು ಚಿಕ್ಕ ಬಿಳಿ ಗುರುತು ಇರುತ್ತದೆ. ನೀರು ತಾಗಿದರೆ ಕೆಂಪಾಗುತ್ತದೆ. ಸಿಂಧನೂರು, ಮಾನ್ವಿ ಕಡೆ ಭತ್ತದ ಗದ್ದೆಯಲ್ಲಿ ಬಿದ್ದೆದ್ದ ಫೋನುಗಳು ಒರೆಸಿ ಹೊಳಪು ಕೊಟ್ಟ ಮೇಲೆ ಹೊಸದರಂತೆ ಕಾಣುತ್ತವೆ, ಈ ಗುರುತು ಮಾತ್ರ ಸುಳ್ಳು ಹೇಳುವುದಿಲ್ಲ. ಇದು ಐಪಿ68, ವಾಟರ್‌ಪ್ರೂಫ್ ಅಂತ ಅಂಗಡಿಯವರು ಹೇಳಿದರೆ ತಲೆಯಾಡಿಸಿ ಸುಮ್ಮನಿರಿ. ಒಮ್ಮೆ ಬಿಚ್ಚಿದ ಫೋನಿಗೆ ಅಂಟು ಹೊಸದಾಗಿ ಹಾಕದಿದ್ದರೆ ಆ ಗುಣ ಹೋಯಿತು ಅಂತಲೇ ಲೆಕ್ಕ.

ನಿಮ್ಮ ಸಿಮ್ ಹಾಕಿ ಯಾರಿಗಾದರೂ ಕಾಲ್ ಮಾಡಿ, ಅಲ್ಲೇ, ಅಂಗಡಿಯಲ್ಲೇ. ಕಿವಿಗೆ ಹಿಡಿದಾಗ ಪರದೆ ಆರಬೇಕು. ಸ್ಯಾಮ್‌ಸಂಗ್ ಆದರೆ ಡಯಲರ್‌ನಲ್ಲಿ *#0*# ಒತ್ತಿದರೆ ಟೆಸ್ಟ್ ಮೆನು ಬರುತ್ತದೆ. ಪರದೆ ಪೂರ್ತಿ ಕೆಂಪು, ಹಸಿರು, ನೀಲಿ ಮಾಡಿ ನೋಡಬಹುದು. ಹಳೇ ಅಮೊಲೆಡ್‌ನಲ್ಲಿ ಕೀಬೋರ್ಡಿನ ನೆರಳು, ಯೂಟ್ಯೂಬ್ ಪಟ್ಟಿಯ ನೆರಳು ಅಚ್ಚೊತ್ತಿದ್ದರೆ ಆಗ ಕಾಣುತ್ತದೆ. ಉದ್ದಕ್ಕೊಂದು ಹಸಿರು ಗೆರೆ ಇದ್ದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ, ಒರಿಜಿನಲ್ ಡಿಸ್‌ಪ್ಲೇಯ ಬೆಲೆ ಹಳೇ ಫೋನಿನ ಅರ್ಧ ಬೆಲೆಗಿಂತ ಜಾಸ್ತಿ ಆಗಬಹುದು. ಕಾಪಿ ಡಿಸ್‌ಪ್ಲೇ ಹಾಕಿಸಿದರೆ ಆ ಫೋನ್ ತಗೊಂಡ ಉದ್ದೇಶವೇ ಹೋಯಿತು, ಅಲ್ವಾ?

ಮ್ಯಾಪ್ ತೆರೆದು ನೀಲಿ ಚುಕ್ಕೆ ನೀವು ನಿಂತ ಜಾಗಕ್ಕೆ ಬರುತ್ತದಾ ನೋಡಿ. ಮನೆಯಲ್ಲಿ ಹೊಲ ಇದ್ದರೆ ಇದು ಮುಖ್ಯ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಹೊಲದಲ್ಲೇ ನಿಂತು ಫೋಟೋ ಹಾಕಬೇಕು, ಜಿಪಿಎಸ್ ಅಲೆದಾಡುವ ಫೋನಿನಲ್ಲಿ ಆ ಕೆಲಸ ಆಗುವುದಿಲ್ಲ.

ಸಾಫ್ಟ್‌ವೇರ್ ಬಗ್ಗೆ ಒಂದು ಗೆರೆ ಎಳೆದುಕೊಳ್ಳಿ. ಆಂಡ್ರಾಯ್ಡ್ 10ಕ್ಕಿಂತ ಕೆಳಗಿದ್ದರೆ ಮುಟ್ಟಬೇಡಿ. 2025ರಲ್ಲಿ ಕ್ರೋಮ್ ಆಂಡ್ರಾಯ್ಡ್ 8 ಮತ್ತು 9ಕ್ಕೆ ಹೊಸ ಆವೃತ್ತಿ ಕೊಡುವುದನ್ನು ನಿಲ್ಲಿಸಿತು, ಉಳಿದವರೂ ಒಬ್ಬೊಬ್ಬರಾಗಿ ಅದೇ ದಾರಿ ಹಿಡಿಯುತ್ತಾರೆ. 12 ಅಥವಾ ಮೇಲಿದ್ದರೆ ಸದ್ಯಕ್ಕೆ ಆ್ಯಪ್ ನಡೆಯುವ ಚಿಂತೆ ಇಲ್ಲ. ಐಫೋನ್ ಆಸೆ ಇರುವವರಿಗೆ: ವಾಟ್ಸ್ಆ್ಯಪ್ 2025ರ ಮೇ ತಿಂಗಳಿಂದ ಐಫೋನ್ 6ರಲ್ಲಿ ನಡೆಯುವುದಿಲ್ಲ. 2017ರ ಐಫೋನ್ 10 ಐಒಎಸ್ 16ಕ್ಕೆ ನಿಂತಿದೆ, 2018ರ ಎಕ್ಸ್ಆರ್ 18ಕ್ಕೆ ನಿಂತಿದೆ. 2019ರ ಐಫೋನ್ 11ಕ್ಕೆ ಐಒಎಸ್ 26 ಸಿಕ್ಕಿದೆ. ಹಾಗಾಗಿ 11ರ ಕೆಳಗೆ ಇಳಿಯಬೇಡಿ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಹೆಲ್ತ್ ಎಷ್ಟು ಅಂತ ತೋರಿಸುತ್ತದೆ. ಅಬೌಟ್‌ನಲ್ಲಿ ‘ಅನ್‌ನೋನ್ ಪಾರ್ಟ್’ ಅಂತ ಇದ್ದರೆ ಬ್ಯಾಟರಿಯೋ ಡಿಸ್‌ಪ್ಲೇಯೋ ಒರಿಜಿನಲ್ ಅಲ್ಲದಿರಬಹುದು.

ಸೆಕ್ಯುರಿಟಿ ಅಪ್‌ಡೇಟ್ ನಿಂತ ಫೋನಿನಲ್ಲಿ ಫೋನ್‌ಪೇ, ಗೂಗಲ್ ಪೇ ಬಳಸಬಹುದಾ ಅಂತ ಮುಂದಿನ ಪ್ರಶ್ನೆ ಬರುತ್ತದೆ. ನಾನು ಬಳಸುತ್ತೇನೆ, ಆದರೆ ದೊಡ್ಡ ಹಣ ಇರುವ ಖಾತೆ ಅದಕ್ಕೆ ಜೋಡಿಸಿಲ್ಲ. ಖರ್ಚಿನ ಖಾತೆ ಬೇರೆ ಇಟ್ಟಿದ್ದೇನೆ. ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲ್‌ಗಳನ್ನು, ಅಂದರೆ ಪ್ಲೇ ಸ್ಟೋರ್‌ನದ್ದಲ್ಲದ ಆ್ಯಪ್‌ಗಳನ್ನು, ಹಾಕಿಕೊಳ್ಳುವ ಚಾಳಿ ಇರುವವರು ಇಂಥ ಫೋನಿನ ಹತ್ತಿರವೂ ಬರಬಾರದು. ಇನ್ನು 5ಜಿ. ನಮ್ಮ ದೇಶದಲ್ಲಿ ಅದು ಶುರುವಾದದ್ದೇ 2022ರ ಅಕ್ಟೋಬರ್‌ನಲ್ಲಿ. 2020ರ ಫೋನುಗಳಲ್ಲಿ ಬಹಳಷ್ಟು 4ಜಿಯವು. ಕ್ಲಾಸಿಗೆ, ರೀಲ್ಸ್‌ಗೆ 4ಜಿ ಸಾಕು. ಅನ್‌ಲಿಮಿಟೆಡ್ 5ಜಿ ಡೇಟಾ ಮೇಲೆಯೇ ನಿಮ್ಮ ಕಣ್ಣಿದ್ದರೆ ಅದನ್ನು ಮೊದಲೇ ಕೇಳಿಕೊಳ್ಳಿ.

ಎಲ್ಲಕ್ಕಿಂತ ದೊಡ್ಡ ತಲೆನೋವು ಫೋನಿನದ್ದಲ್ಲ, ಅದರ ಹಿಂದಿನ ಕಥೆಯದ್ದು. *#06# ಒತ್ತಿದರೆ 15 ಅಂಕಿಯ ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರ್ ಬರುತ್ತದೆ. ಬಾಕ್ಸ್, ಬಿಲ್ಲಿನ ಮೇಲಿನ ನಂಬರಿಗೆ ಅದನ್ನು ತಾಳೆ ನೋಡಿ. ಆಮೇಲೆ ಇಂಗ್ಲಿಷಿನಲ್ಲಿ ಕೆವೈಎಂ (KYM) ಎಂಬ ಮೂರಕ್ಷರ, ಒಂದು ಜಾಗ, ಆ ನಂಬರ್ ಬರೆದು 14422ಕ್ಕೆ ಮೆಸೇಜ್ ಕಳಿಸಿ. ಇದು ಕೇಂದ್ರ ದೂರಸಂಪರ್ಕ ಇಲಾಖೆಯ ವ್ಯವಸ್ಥೆ, ಸಂಚಾರ್ ಸಾಥಿ ಆ್ಯಪ್‌ನಲ್ಲೂ ನೋಡಬಹುದು. ಉತ್ತರದಲ್ಲಿ ಬ್ಲ್ಯಾಕ್‌ಲಿಸ್ಟ್ ಅಂತಲೋ ಡುಪ್ಲಿಕೇಟ್ ಅಂತಲೋ ಬಂದರೆ ಫೋನ್ ಕೌಂಟರ್ ಮೇಲಿಟ್ಟು ಎದ್ದು ಬನ್ನಿ. ಕಳೆದುಕೊಂಡವರು ದೂರು ಕೊಟ್ಟು ಬ್ಲಾಕ್ ಮಾಡಿಸಿದರೆ ಆ ಫೋನ್ ದೇಶದ ಯಾವ ನೆಟ್‌ವರ್ಕಿನಲ್ಲೂ ನಡೆಯುವುದಿಲ್ಲ. ನೀವು ಸಿಮ್ ಹಾಕಿದ ಸುಳಿವು ಹಿಡಿದು ಪೊಲೀಸರು ನಿಮ್ಮನ್ನೇ ಕರೆಯಬಹುದು. ಕದ್ದದ್ದು ಅಂತ ಗೊತ್ತಿದ್ದೂ ಕೊಂಡರೆ ಕಾನೂನಿನಲ್ಲಿ ಅದೂ ಅಪರಾಧ.

ಈಚೆಗೆ ಜಾಸ್ತಿ ಕಾಣುವುದು ಕಂತಿನ ಫೋನು. ಸಾಲದ ಮೇಲೆ ಕೊಟ್ಟ ಫೋನುಗಳಲ್ಲಿ ಸಾಲ ಕೊಟ್ಟವರು ಲಾಕ್ ಮಾಡುವ ಆ್ಯಪ್ ಹಾಕಿರುವುದುಂಟು. ಕಂತು ಕಟ್ಟದೆ ಮಾರಿದರೆ ಫೋನ್ ನಿಮ್ಮ ಕೈಯಲ್ಲಿ ಲಾಕ್ ಆಗುತ್ತದೆ, ಸಾಲ ಇನ್ನೊಬ್ಬರದ್ದು. ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸ್ ಅಡ್ಮಿನ್ ಆ್ಯಪ್ಸ್’ ಹುಡುಕಿ, ಗೊತ್ತಿಲ್ಲದ ಹೆಸರು ಆನ್ ಆಗಿದ್ದರೆ ಕೇಳಿ. ಸಾಲ ತೀರಿದ ಎನ್‌ಒಸಿ ತೋರಿಸಲಿ.

ಫಾರ್ಮ್ಯಾಟ್ ಮಾಡಿ ಕೊಡುತ್ತೇನೆ, ನಾಳೆ ಬಾ ಅಂದರೆ ಒಪ್ಪಬೇಡಿ. ಮಾರುವವರು ನಿಮ್ಮೆದುರೇ ಸೆಟ್ಟಿಂಗ್ಸ್‌ಗೆ ಹೋಗಿ ತಮ್ಮ ಗೂಗಲ್ ಅಕೌಂಟ್ ತೆಗೆದು, ಆಮೇಲೆ ರೀಸೆಟ್ ಒತ್ತಬೇಕು. ಅಕೌಂಟ್ ತೆಗೆಯದೆ ಬಟನ್ ಒತ್ತಿ ರೀಸೆಟ್ ಹೊಡೆದ ಫೋನು ಹಳೇ ಜಿಮೇಲ್ ಪಾಸ್‌ವರ್ಡ್ ಕೇಳುತ್ತಾ ಕೂರುತ್ತದೆ. ಐಫೋನ್ ಆದರೆ ‘ಫೈಂಡ್ ಮೈ’ ಆಫ್ ಆಗಿರಬೇಕು. ರೀಸೆಟ್ ಮುಗಿದು ಹೊಸ ಫೋನಿನಂತೆ ಭಾಷೆ ಕೇಳಿ, ನಿಮ್ಮ ಅಕೌಂಟ್ ಹಾಕಿ ಹೋಮ್ ಸ್ಕ್ರೀನ್ ಬಂದ ಮೇಲೆ ದುಡ್ಡು ಕೊಡಿ. ಒಂದು ಹಾಳೆಯಲ್ಲಿ ಐಎಂಇಐ, ತಾರೀಖು, ಬೆಲೆ ಬರೆಸಿ ಸಹಿ ಹಾಕಿಸಿಕೊಳ್ಳಿ. ಅಂಗಡಿಯಾದರೆ ಬಿಲ್ ಕೇಳಿ. ಕೊಡುವುದಿಲ್ಲ ಅಂದರೆ ಪಕ್ಕದ ಅಂಗಡಿ ಇದೆ.

ಇಷ್ಟೆಲ್ಲ ನೋಡುವ ತಾಳ್ಮೆ ನಿಮಗಿದೆ, ಅದಕ್ಕೇ ಹಳೇದು ತಗೊಳ್ಳಿ ಅಂದೆ. ಇದೇ ಹತ್ತು ಸಾವಿರ ಹಿಡಿದು ಊರಲ್ಲಿರುವ ಅಪ್ಪನಿಗೋ ಅಮ್ಮನಿಗೋ ಫೋನ್ ಹುಡುಕುತ್ತಿದ್ದರೆ ನನ್ನ ಉತ್ತರ ಬೇರೆ. ಅವರಿಗೆ ಹೊಸದೇ ಕೊಡಿಸಿ. ದೊಡ್ಡ ಬ್ಯಾಟರಿ, ಒಂದು ವರ್ಷ ವಾರಂಟಿ, ಬಿದ್ದರೆ ಅಗ್ಗಕ್ಕೆ ಸಿಗುವ ಡಿಸ್‌ಪ್ಲೇ. ಕ್ಯಾಮೆರಾ ಹೇಗಿದ್ದರೂ ನಡೆಯುತ್ತದೆ.