ಬ್ರಹ್ಮಾಂಡಕ್ಕಿಂತ ಕಪ್ಪತಗುಡ್ಡ ಹಳೆಯದೇ?

ಗದಗಿನ ಕಪ್ಪತಗುಡ್ಡದ ಕಲ್ಲುಗಳಿಗೆ 250 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಆದರೆ 1930ರ ಸುಮಾರಿಗೆ ಖಗೋಳ ವಿಜ್ಞಾನಿಗಳ ಲೆಕ್ಕದಲ್ಲಿ ಇಡೀ ಬ್ರಹ್ಮಾಂಡಕ್ಕೇ ಬರೀ 200 ಕೋಟಿ ವರ್ಷ ಬರುತ್ತಿತ್ತು. ಅಜ್ಜನಿಗಿಂತ ಮೊಮ್ಮಗ ಹಿರಿಯನಾದ ಹಾಗಾಯ್ತು, ಅಲ್ವಾ? ತಪ್ಪಿದ್ದದ್ದು ದೂರದ ಅಳತೆಯಲ್ಲಿ.

ರಾತ್ರಿ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಮೇಲೆ ನಿಂತು ಊರಿನ ದೀಪಗಳನ್ನು ನೋಡಿ. ಮಂಕಾಗಿ ಕಾಣೋದು ದೂರದ ದೊಡ್ಡ ದೀಪವೋ, ಹತ್ತಿರದ ಸಣ್ಣ ಬಲ್ಬೋ? ಅದು ಎಷ್ಟು ವ್ಯಾಟಿನದು ಅಂತ ಗೊತ್ತಾದರೆ ದೂರ ಹೇಳಬಹುದು, ಯಾಕಂದ್ರೆ ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ.

ನಕ್ಷತ್ರದ ವ್ಯಾಟ್ ತಿಳಿಯುವ ದಾರಿ ತೋರಿಸಿದವರು ಹಾರ್ವರ್ಡ್ ವೀಕ್ಷಣಾಲಯದ ಹೆನ್ರಿಯೆಟ್ಟಾ ಲೆವಿಟ್. ಸೆಫೀಡ್ ಎಂಬ ನಕ್ಷತ್ರಗಳು ಹಿಗ್ಗುತ್ತಾ ಕುಗ್ಗುತ್ತಾ ಬೆಳಗುತ್ತವೆ. ಒಂದೇ ಗುಂಪಿನಲ್ಲಿ, ಅಂದರೆ ನಮ್ಮಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿ ಇದ್ದ 25 ಸೆಫೀಡುಗಳನ್ನು ಹೋಲಿಸಿ, ಒಂದು ಸುತ್ತಿಗೆ ಜಾಸ್ತಿ ದಿನ ತಗೊಳ್ಳೋ ನಕ್ಷತ್ರವೇ ಜಾಸ್ತಿ ಪ್ರಕಾಶದ್ದು ಅಂತ 1912ರಲ್ಲಿ ಅವರು ತೋರಿಸಿದರು. ದಿನ ಎಣಿಸಿದರೆ ಸಾಕು! ಧಾರವಾಡದಿಂದ ಉತ್ತರಕ್ಕೆ, ದಿಗಂತದಿಂದ ಸುಮಾರು 15 ಡಿಗ್ರಿ ಮೇಲೆ ಕಾಣುವ ಧ್ರುವ ನಕ್ಷತ್ರವೂ ಸೆಫೀಡೇ. ಅದರ ಸುತ್ತು ಸುಮಾರು ನಾಲ್ಕು ದಿನದ್ದು, ಏರಿಳಿತ ಮಾತ್ರ ಬರಿಗಣ್ಣಿಗೆ ತಿಳಿಯದಷ್ಟು ಸಣ್ಣದು. ಹಬಲ್ ಹೆಸರು ಎಲ್ಲರಿಗೂ ಗೊತ್ತು, ಲೆವಿಟ್ ಹೆಸರೂ ಅಷ್ಟೇ ಗೊತ್ತಿರಬೇಕು ಅನ್ನೋದು ನನ್ನ ಮಾತು.

1923ರಲ್ಲಿ ಎಡ್ವಿನ್ ಹಬಲ್ ಆಂಡ್ರೊಮಿಡಾ ಎಂಬ ಗ್ಯಾಲಕ್ಸಿಯಲ್ಲಿ, ಅಂದರೆ ನಕ್ಷತ್ರಗಳ ಭಾರೀ ಗುಂಪಿನಲ್ಲಿ, ಸೆಫೀಡ್ ಕಂಡರು. ಅದು ನಮ್ಮ ಕ್ಷೀರಪಥದ ಹೊರಗಿದೆ ಅಂತ ಸಾಬೀತಾಯ್ತು. 1929ರಲ್ಲಿ, ದೂರ ಇದ್ದಷ್ಟೂ ಗ್ಯಾಲಕ್ಸಿಗಳು ಜೋರಾಗಿ ದೂರ ಸರಿಯುತ್ತಿವೆ ಅಂದರು: ಪ್ರತಿ 32.6 ಲಕ್ಷ ಜ್ಯೋತಿರ್ವರ್ಷಕ್ಕೆ ಸೆಕೆಂಡಿಗೆ ಸುಮಾರು 500 ಕಿಲೋಮೀಟರ್. ಈ ಓಟವನ್ನು ಹಿಂದಕ್ಕೆ ಓಡಿಸಿದಾಗ ಸಿಕ್ಕಿದ್ದೇ ಆ 200 ಕೋಟಿ.

ಎರಡನೇ ಮಹಾಯುದ್ಧದಲ್ಲಿ ಲಾಸ್ ಏಂಜಲೀಸ್ ದೀಪ ಆರಿಸಿ ಕೂತಾಗ ಪಕ್ಕದ ಮೌಂಟ್ ವಿಲ್ಸನ್ ಬೆಟ್ಟದ ವೀಕ್ಷಣಾಲಯದ ಮೇಲಿನ ಆಕಾಶ ಕಪ್ಪಾಯ್ತು. ಆ ಕತ್ತಲಲ್ಲಿ ಖಗೋಳ ವಿಜ್ಞಾನಿ ವಾಲ್ಟರ್ ಬಾಡೆ ಆಂಡ್ರೊಮಿಡಾದ ನಕ್ಷತ್ರಗಳನ್ನು ಬಿಡಿಸಿ ನೋಡಿದರು. ಸೆಫೀಡುಗಳಲ್ಲಿ ಎರಡು ಜಾತಿ ಇವೆ, ಹಿಂದಿನವರು ಒಂದರ ವ್ಯಾಟನ್ನು ಇನ್ನೊಂದಕ್ಕೆ ಹಾಕಿದ್ದರು ಅಂತ 1952ರಲ್ಲಿ ಹೇಳಿದರು. ಗ್ಯಾಲಕ್ಸಿಗಳ ದೂರ ಒಂದೇ ಏಟಿಗೆ ಎರಡು ಪಟ್ಟಾಯ್ತು. ವಯಸ್ಸೂ ಹಾಗೇ.

ಆಮೇಲೆ, ಹಬಲ್ ಸುಮಾರು 500 ಅಂದಿದ್ದ ಆ ವೇಗದ ಅಂಕಿ 50 ಎನ್ನುವವರಿಗೂ 100 ಎನ್ನುವವರಿಗೂ ವರ್ಷಗಟ್ಟಲೆ ಜಗಳ. 2001ರಲ್ಲಿ ಹಬಲ್ ಟೆಲಿಸ್ಕೋಪ್ 72 ಅಂದಿತು.

ಈಗ ಹೊಸ ಪೇಚು: ಒಂದೇ ಬರಬೇಕಾದ ಅಂಕಿ ಎರಡು ದಾರಿಯಲ್ಲಿ ಬೇರೆ ಬೇರೆ ಬರುತ್ತಿದೆ. ಬ್ರಹ್ಮಾಂಡದ ಮೊದಲ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ಲೆಕ್ಕ 67.4, ವಯಸ್ಸು 1380 ಕೋಟಿ ವರ್ಷ. ಸೆಫೀಡು ಮತ್ತು ಸೂಪರ್‌ನೋವಾಗಳ (ಸಿಡಿಯುವ ನಕ್ಷತ್ರಗಳ) ಲೆಕ್ಕ 73. ವೆಬ್ ಟೆಲಿಸ್ಕೋಪಿನಿಂದ ಅಳೆದ ಒಂದು ತಂಡಕ್ಕೆ ಮತ್ತೆ 73ರ ಸುತ್ತಲೇ ಬಂತು, ಇನ್ನೊಂದು ತಂಡಕ್ಕೆ 70ರ ಹತ್ತಿರ.