ದ್ರೋಹ ಬಗೆದವಳು ಗೆಳತಿಯೇ ಎಂದು ಮೊದಲೇ ಗೊತ್ತಾದರೆ ಓದಲು ಏನು ಉಳಿಯಿತು?

ಓದುಗರ ಪ್ರಶ್ನೆ: ಮನೆಯೊಳಗೇ ನಡೆಯುವ ಥ್ರಿಲ್ಲರ್ ಕಾದಂಬರಿಗಳ ಹಿಂಬದಿ ರಕ್ಷಾಪುಟದಲ್ಲೇ ‘ಆಪ್ತ ಗೆಳತಿಯರು, ಒಂದು ಗುಟ್ಟು, ಒಂದು ದ್ರೋಹ’ ಎಂದು ಅಚ್ಚಾಗಿರುತ್ತದೆ. ಇರುವುದೇ ನಾಲ್ಕೈದು ಪಾತ್ರ. ಅರ್ಧ ಓದುವಷ್ಟರಲ್ಲಿ ಯಾರೆಂದು ಅಂದಾಜಾಗಿಬಿಡುತ್ತದೆ. ಆದರೂ ಇವು ನಿದ್ದೆಗೆಡಿಸಿ ಓದಿಸಿಕೊಳ್ಳುವುದು ಹೇಗೆ?

ಉತ್ತರ: ಪತ್ತೇದಾರಿ ಕಾದಂಬರಿ ಕೊಲೆಗಾರನ ಹೆಸರು ಹೊರಬಿದ್ದರೆ ಬಹುಮಟ್ಟಿಗೆ ಮುಗಿದಂತೆ. ಗೆಳತಿಯರ ನಡುವಿನ ದ್ರೋಹದ ಕಥೆಗೆ ಬಿಸಿ ಏರುವುದೇ ಹೆಸರು ಗೊತ್ತಾದ ಮೇಲೆ. ‘ಯಾರು?’ ಎಂಬುದಕ್ಕೆ ಉತ್ತರ ಸಿಕ್ಕರೂ ‘ಯಾವಾಗಿನಿಂದ?’ ಎಂಬುದು ಉಳಿದೇ ಇರುತ್ತದೆ. ಓದುಗರನ್ನು ಎಳೆದೊಯ್ಯುವುದು ಆ ಎರಡನೆಯ ಪ್ರಶ್ನೆ. ಗುರುತಿಲ್ಲದವರು ಮೋಸ ಮಾಡಿದರೆ ಹಾಳಾಗುವುದು ಅಂದಿನ ದಿನ. ಹತ್ತು ವರ್ಷ ಜೊತೆಗಿದ್ದವಳು ಮೋಸ ಮಾಡಿದರೆ ಆ ಹತ್ತೂ ವರ್ಷದ ಲೆಕ್ಕ ಮತ್ತೆ ಹಾಕಬೇಕು. ಹೆರಿಗೆಯ ಹೊತ್ತಿನಲ್ಲಿ ಪಕ್ಕದಲ್ಲೇ ಕೂತಿದ್ದಳಲ್ಲ, ಅದು? ಅಪ್ಪ ತೀರಿಕೊಂಡ ರಾತ್ರಿ ಬೆಳಗಾಗುವ ತನಕ ಫೋನಿನಲ್ಲಿ ಸಮಾಧಾನ ಹೇಳಿದಳಲ್ಲ, ಅದು? ನಾಯಕಿ ಒಂದೊಂದು ನೆನಪನ್ನೂ ತಟ್ಟಿ ನೋಡುತ್ತಾಳೆ. ಅವಳ ಜೊತೆ ನಾವೂ ಹಿಂದಿನ ಪುಟಗಳನ್ನು ತಿರುವಿ ಹಾಕುತ್ತೇವೆ.

ಸ್ನೇಹಕ್ಕೆ ಕಾಗದಪತ್ರವಿಲ್ಲ ಎಂಬುದು ಇಲ್ಲಿ ಬಹಳ ದೊಡ್ಡ ಸಂಗತಿ. ಮದುವೆಗೆ ನೋಂದಣಿ ಇದೆ, ಕಾನೂನು ಇದೆ. ಸಾಲಕ್ಕೆ ಪತ್ರ ಇದೆ. ಗೆಳತಿಯ ಬಳಿ ಇವು ಯಾವುವೂ ಇಲ್ಲ. ಆದರೆ ಮನೆಯ ಇನ್ನೊಂದು ಬೀಗದ ಕೈ ಇರುವುದು ಅವಳ ಹತ್ತಿರ. ಫೋನಿನ ಪಾಸ್‌ವರ್ಡ್, ಗಂಡನ ಜೊತೆಗಿನ ಜಗಳದ ವಿವರ, ನಿದ್ದೆ ಮಾತ್ರೆಯ ಹೆಸರು, ಯಾರಿಗೂ ಹೇಳದ ಹಳೆಯ ತಪ್ಪು, ಎಲ್ಲವೂ ಅವಳಿಗೆ ಗೊತ್ತು. ಕಳ್ಳ ಬಾಗಿಲು ಮುರಿಯಬೇಕು. ಇವಳನ್ನು ನಾವೇ ಒಳಗೆ ಕರೆದು ಕೂರಿಸಿದ್ದೇವೆ. ಹಿತಶತ್ರುವಿಗೆ ಆಯುಧ ಬೇಕಾಗುವುದಿಲ್ಲ. ‘ಈಚೆಗೆ ಅವಳಿಗೆ ಮರೆವು ಜಾಸ್ತಿಯಾಗಿದೆ, ಏನೇನೋ ಕಲ್ಪಿಸಿಕೊಳ್ತಾಳೆ, ಪಾಪ’ ಎಂದು ಎರಡು ಕಡೆ ಕಾಳಜಿಯಿಂದ ಹೇಳಿದರೆ ಸಾಕು, ನಾಯಕಿ ಮುಂದೆ ನಿಜ ಹೇಳಿದರೂ ಯಾರೂ ನಂಬುವುದಿಲ್ಲ. ಅವಳ ಪರವಾಗಿ ಸಾಕ್ಷಿ ಹೇಳಬೇಕಾದವಳೇ ಸಾಕ್ಷಿಯನ್ನು ಅಳಿಸುತ್ತಿರುತ್ತಾಳೆ. ಕಡೆಗೆ ಸಿಕ್ಕಿಬಿದ್ದಳು ಎಂದೇ ಇಟ್ಟುಕೊಳ್ಳಿ, ದೂರು ಏನೆಂದು ಕೊಡುವುದು? ಗುಟ್ಟು ಬಿಟ್ಟುಕೊಟ್ಟಳು, ಸ್ನೇಹ ಮುರಿದಳು ಎಂದು ಕೇಸು ದಾಖಲಾಗುವುದಿಲ್ಲ. ಆದ್ದರಿಂದಲೇ ಈ ಕಥೆಗಳಲ್ಲಿ ಪೊಲೀಸರು ಬಂದರೂ ಅಂಚಿನಲ್ಲೇ ಉಳಿಯುತ್ತಾರೆ.

ಮೊದಲೇ ಗೊತ್ತಾದರೆ ರುಚಿ ಕೆಡುತ್ತದೆ ಎಂಬ ಮಾತಿಗೆ ಬರೋಣ. ಥ್ರಿಲ್ಲರ್ ಸಿನಿಮಾಗಳಿಗೆ ಹೆಸರಾದ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರುಫೋ ಜೊತೆ ಮಾತಾಡುತ್ತಾ ಇದನ್ನು ಒಂದು ಬಾಂಬಿನ ಉದಾಹರಣೆಯಿಂದ ವಿವರಿಸಿದ್ದರು. ಮೇಜಿನ ಕೆಳಗಿನ ಬಾಂಬು ಏಕಾಏಕಿ ಸಿಡಿದರೆ ಪ್ರೇಕ್ಷಕ ಬೆಚ್ಚುವುದು 15 ಸೆಕೆಂಡು. ಅಲ್ಲಿ ಬಾಂಬಿದೆ ಎಂದು ಅವನಿಗೆ ಮೊದಲೇ ತಿಳಿಸಿ, ಮೇಜಿನ ಸುತ್ತ ಕೂತವರಿಗೆ ತಿಳಿಸದಿದ್ದರೆ 15 ನಿಮಿಷದ ತಳಮಳ. ಅಮೆರಿಕದ ಲೇಖಕಿ ಡೋನಾ ಟಾರ್ಟ್ ಅವರ ಕಾದಂಬರಿ ‘ದಿ ಸೀಕ್ರೆಟ್ ಹಿಸ್ಟರಿ’ (1992) ಇನ್ನೂ ಧೈರ್ಯ ಮಾಡುತ್ತದೆ. ಗೆಳೆಯರ ಗುಂಪೊಂದು ತಮ್ಮಲ್ಲೇ ಒಬ್ಬನನ್ನು ಕೊಂದಿದೆ ಎಂಬುದನ್ನು ಆರಂಭದಲ್ಲೇ ಹೇಳಿಬಿಡುತ್ತದೆ; ಹಾಗಿದ್ದೂ ಕಾದಂಬರಿ ಸಡಿಲವಾಗುವುದಿಲ್ಲ. ನನ್ನ ಮಟ್ಟಿಗೆ ಓದನ್ನು ಕೆಡಿಸುವುದು ‘ಕೊನೆಯ ತಿರುವನ್ನು ಯಾರೂ ಊಹಿಸಲಾರರು’ ಎಂಬ ಜಾಹೀರಾತು. ಅದನ್ನು ನೋಡಿದವರು ಮನುಷ್ಯರನ್ನು ಗಮನಿಸುವುದು ಬಿಟ್ಟು ತಿರುವನ್ನೇ ಹುಡುಕುತ್ತಾ ಕೂರುತ್ತಾರೆ.

ಬರವಣಿಗೆಯ ಕಸುಬು ಕಾಣುವುದು ಪ್ರೀತಿಯ ದೃಶ್ಯಗಳಲ್ಲಿ. ಒಂದು ಸನ್ನಿವೇಶ ಊಹಿಸಿ: ಅತ್ತು ಸುಸ್ತಾದ ನಾಯಕಿಗೆ ಗೆಳತಿ ಹೊದಿಕೆ ಹೊದಿಸಿ, ‘ನೀನು ಮಲಗು. ಯಾರಾದರೂ ಫೋನ್ ಮಾಡಿದರೆ ನಾನೇ ಮಾತಾಡ್ತೀನಿ’ ಎನ್ನುತ್ತಾಳೆ. ಮೊದಲ ಸಲ ಓದಿದಾಗ ಇಂಥ ಗೆಳತಿ ಎಲ್ಲರಿಗೂ ಸಿಗಲಿ ಅನ್ನಿಸುತ್ತದೆ. ಇನ್ನೂರು ಪುಟ ಕಳೆದ ಮೇಲೆ, ಆ ರಾತ್ರಿ ಬಂದಿದ್ದ ಒಂದು ಸಂದೇಶ ಅಳಿಸಿಹೋಗಿತ್ತೆಂದು ತಿಳಿಯುತ್ತದೆ. ವಾಕ್ಯ ಅದೇ, ಒಂದಕ್ಷರ ಬದಲಾಗಿಲ್ಲ. ಹೀಗೆ ಎರಡೂ ಓದಿಗೆ ನಿಲ್ಲುವ ವಾಕ್ಯ ಬರೆಯುವುದು ಬಹಳ ಕಷ್ಟ. ಅದನ್ನು ಸಾಧಿಸಿದ ಲೇಖಕರ ಬಗ್ಗೆ ನನಗೆ ಅಪಾರ ಗೌರವ.

ಇದನ್ನು ಅಡ್ಡದಾರಿಯಲ್ಲಿ ಸಾಧಿಸುವವರೂ ಇದ್ದಾರೆ. ಕಥೆ ಹೇಳುವವಳನ್ನೇ ಪೂರ್ತಿ ನಂಬುವಂತಿಲ್ಲ ಎಂಬ ತಂತ್ರ ಹಳೆಯದು. ಅದಕ್ಕೆ ವಿಮರ್ಶೆಯಲ್ಲಿ ಹೆಸರು ಕೊಟ್ಟವರು ಅಮೆರಿಕದ ವಿಮರ್ಶಕ ವೇಯ್ನ್ ಬೂತ್, 1961ರಲ್ಲಿ. ನಿರೂಪಕಿ ತನಗೆ ತಾನೇ ಸುಳ್ಳು ಹೇಳಿಕೊಳ್ಳಬಹುದು, ತಪ್ಪು ತಿಳಿಯಬಹುದು, ಕುಡಿದು ಮರೆಯಬಹುದು. ಇವೆಲ್ಲ ನ್ಯಾಯವೇ. ಆದರೆ ಅವಳ ಮನಸ್ಸಿನೊಳಗೇ ನಮ್ಮನ್ನು ಕೂರಿಸಿ, ಅವಳು ಹಗಲೂ ರಾತ್ರಿ ಯೋಚಿಸುತ್ತಿದ್ದ ಒಂದೇ ಒಂದು ವಿಷಯವನ್ನು ಮುಚ್ಚಿಟ್ಟು ಕೊನೆಯಲ್ಲಿ ತೆಗೆದರೆ ಅದು ಓದುಗರಿಗೆ ಮಾಡುವ ಮೋಸ. ಪತ್ತೇದಾರನ ಕಣ್ಣಿಗೆ ಬಿದ್ದ ಸುಳಿವು ಓದುಗರಿಗೂ ಕಾಣಬೇಕು ಎಂದು ಪತ್ತೇದಾರಿ ಕಥೆಗಳ ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲೇ ನಿಯಮ ಮಾಡಿದ್ದರು. ಪತ್ತೇದಾರನೇ ಇಲ್ಲದ ಈ ಕಥೆಗಳಿಗೂ ಅದು ಸಲ್ಲುತ್ತದೆ.

ಕಾರಣದ ವಿಷಯದಲ್ಲಿ ನಾನು ಇನ್ನಷ್ಟು ಕಟ್ಟುನಿಟ್ಟು. ಅಲ್ಲಿಯವರೆಗೆ ಸಹಜವಾಗಿದ್ದ ಗೆಳತಿ ಕಡೆಯ ಇಪ್ಪತ್ತು ಪುಟಗಳಲ್ಲಿ ಹುಚ್ಚಿಯಾಗಿಬಿಟ್ಟರೆ, ಅದು ಲೇಖಕರಿಗೆ ಕಾರಣ ಹೊಳೆಯಲಿಲ್ಲ ಎಂಬುದರ ಗುರುತು. ಬರೀ ಅಸೂಯೆ ಎಂದರೂ ಸಾಲದು. ಯಾವಾಗಲೂ ಸಹಾಯ ಪಡೆಯುತ್ತಲೇ ಬಂದವಳಿಗೆ ಆ ಉಪಕಾರದ ಭಾರ ಹೊರಲಾಗದೆ ಹೋಗುವುದು, ಗುಂಪಿನಲ್ಲಿ ತನ್ನ ಕಷ್ಟವೇ ಎಲ್ಲರ ನಗೆಯ ವಸ್ತುವಾಗುವುದು, ಕೊಟ್ಟ ಮಾತೊಂದು ಸಲೀಸಾಗಿ ಮರೆತುಹೋಗುವುದು, ಇಂಥ ಸಣ್ಣ ಗಾಯಗಳು ವರ್ಷಗಟ್ಟಲೆ ಒಳಗೊಳಗೇ ಕೀವುಗಟ್ಟಿದಾಗ ದ್ರೋಹ ನಂಬುವಂತಾಗುತ್ತದೆ. ಒಳ್ಳೆಯ ಕಾದಂಬರಿಯಲ್ಲಿ ಆ ಗಾಯ ಮಾಡಿದವಳು ನಾಯಕಿಯೇ ಆಗಿರುತ್ತಾಳೆ. ಅವಳಿಗೆ ಅದರ ನೆನಪೂ ಇರುವುದಿಲ್ಲ, ತಾನೇ ಅದನ್ನು ಮೂರನೆಯ ಅಧ್ಯಾಯದಲ್ಲಿ ನಗುನಗುತ್ತಾ ಒಂದು ಸಾಲಿನಲ್ಲಿ ನಮಗೆ ಹೇಳಿದ್ದರೂ.